ಹಿಮ ಗಟ್ಟಿಯಿರುವ ಹೊತ್ತು: ಬೇಸಿಗೆ ರಜೆಯ ಹಿಮಾಲಯ ಚಾರಣದ ಬಗ್ಗೆ ಓದುಗರ ಪ್ರಶ್ನೆಗಳು

ಯುಗಾದಿ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ದಿಕ್ಕು ಸಹ್ಯಾದ್ರಿಯಿಂದ ಹಿಮಾಲಯಕ್ಕೆ ತಿರುಗುತ್ತದೆ. ಮಾರ್ಚ್ ಕೊನೆಯಿಂದ ಜೂನ್ ನಡುವಣ ಹಾದಿಯ ಸ್ಥಿತಿಯನ್ನೂ ಹಿಮದ ಪ್ರಮಾಣವನ್ನೂ ಕೇಳಿರುವ ಪತ್ರಗಳಲ್ಲಿ ಒಂದೇ ಬಗೆಯವನ್ನು ಸೇರಿಸಿ ಏಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲಿಗೆ ಪದದ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳು ಆಕಾಶದಿಂದ ಹಿಮ ಬೀಳುವುದಕ್ಕೂ ಇಳಿಜಾರಿನಿಂದ ಹಿಮದ ರಾಶಿ ಜಾರಿ ಬರುವುದಕ್ಕೂ ‘ಹಿಮಪಾತ’ ಎಂದೇ ಬರೆಯುತ್ತವೆ. ಒಂದು ನೋಡಲು ಚೆಂದ, ಇನ್ನೊಂದು ಜೀವ ತೆಗೆಯುವಂಥದ್ದು. ಆದ್ದರಿಂದ ಇಲ್ಲಿ ಮೊದಲನೆಯದನ್ನು ಹಿಮಪಾತವೆಂದೂ ಎರಡನೆಯದನ್ನು ಹಿಮಕುಸಿತವೆಂದೂ ಬೇರೆ ಮಾಡಿಕೊಂಡಿದ್ದೇನೆ.

ಪ್ರಶ್ನೆ: ನಾವು ಆರು ಮಂದಿ ಶಿಕ್ಷಕರು ಏಪ್ರಿಲ್ ಎರಡನೆಯ ವಾರದಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗಬೇಕೆಂದಿದ್ದೇವೆ. ಆ ಹೊತ್ತಿಗೆ ಅಲ್ಲಿ ಹಿಮ ಇರುತ್ತದೆಯೇ? ಇರುತ್ತದೆ ಎಂದು ಒಬ್ಬರು, ಕರಗಿ ಹೋಗಿರುತ್ತದೆ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ.
– ಓದುಗರು, ಧಾರವಾಡ

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು, ಏಕೆಂದರೆ ಏಪ್ರಿಲ್‌ನಲ್ಲಿ ಒಂದೇ ಬೆಟ್ಟದ ಮೇಲೆ ಒಂದೇ ದಿನ ಎರಡೂ ಇರುತ್ತವೆ. ನೀವು ನಡಿಗೆ ಆರಂಭಿಸುವ ಸಾಂಕ್ರಿ ಗ್ರಾಮ ಸುಮಾರು 1900 ಮೀಟರ್ ಎತ್ತರದಲ್ಲಿದೆ, ಶಿಖರ ಸುಮಾರು 3800 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಹಿಡಿದರೆ, ಊರಿನ ಅಂಗಳದಲ್ಲಿ ಅಂಗಿಯ ತೋಳು ಮಡಚಿ ಕುಳಿತುಕೊಳ್ಳುವ ಮಧ್ಯಾಹ್ನದಲ್ಲಿ ಶಿಖರದ ಮೇಲೆ ನೀರು ಹೆಪ್ಪುಗಟ್ಟುವ ಚಳಿ ಇರಬಲ್ಲದು. ಇದರ ಜೊತೆಗೆ ಇಳಿಜಾರು ಮುಖ ಮಾಡಿರುವ ದಿಕ್ಕನ್ನೂ ಸೇರಿಸಿಕೊಳ್ಳಬೇಕು. ದಕ್ಷಿಣಕ್ಕೆ ಮುಖ ಮಾಡಿದ ಬಯಲು ದಿನವಿಡೀ ಬಿಸಿಲು ಕುಡಿದು ಹುಲ್ಲು ತೋರಿಸುತ್ತಿರುವಾಗ, ಐವತ್ತು ಹೆಜ್ಜೆ ಆಚೆ ಉತ್ತರಕ್ಕೆ ತಿರುಗಿದ ಕಾಡಿನ ನೆರಳಿನಲ್ಲಿ ಮೊಣಕಾಲಿನವರೆಗೆ ಹಿಮ ಉಳಿದಿರುತ್ತದೆ.

ಅಲ್ಲಿನ ಹಿಮದ ಬಹುಪಾಲನ್ನು ತರುವುದು, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ, ಮೆಡಿಟರೇನಿಯನ್ ಕಡೆಯಿಂದ ಹೊರಟು ಪಶ್ಚಿಮ ಹಿಮಾಲಯಕ್ಕೆ ಬಂದು ಬಡಿಯುವ ಗಾಳಿ-ಮೋಡಗಳ ಅಲೆಗಳು. ಒಂದು ಚಳಿಗಾಲದಲ್ಲಿ ಅವು ಸಾಲುಸಾಲಾಗಿ ಬರುತ್ತವೆ, ಮತ್ತೊಂದು ಚಳಿಗಾಲದಲ್ಲಿ ಜನವರಿಯೆಲ್ಲ ಒಣಗಿ ಹೋಗಿ ಮಾರ್ಚ್ ಕೊನೆಯಲ್ಲಿ ಒಮ್ಮೆಗೇ ಸುರಿಯುತ್ತದೆ. ಹೀಗಾಗಿ ಹೋದ ವರ್ಷದ ಏಪ್ರಿಲ್‌ನ ಛಾಯಾಚಿತ್ರ ನೋಡಿ ಈ ವರ್ಷದ ಏಪ್ರಿಲ್ ಅನ್ನು ಊಹಿಸಲಾಗದು. ನೀವು ಹೊರಡುವ ವಾರದಲ್ಲಿ ಸಾಂಕ್ರಿಯಲ್ಲಿರುವ ಯಾರಿಗಾದರೂ ಫೋನ್ ಮಾಡಿ, ನಿನ್ನೆ ಹಿಮ ಯಾವ ಎತ್ತರದಿಂದ ಶುರುವಾಯಿತು, ನಿಮ್ಮ ತಂಡ ಎಷ್ಟು ಗಂಟೆಗೆ ಶಿಖರದಿಂದ ಇಳಿಯಿತು ಎಂಬ ಎರಡೇ ಪ್ರಶ್ನೆ ಕೇಳಿದರೆ ಸಾಕು. ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡಬಲ್ಲವರ ಮೊದಲನೆಯ ಉತ್ತರವನ್ನೂ ನಂಬಬಹುದು.

ಎಲ್ಲೆಲ್ಲೂ ಬಿಳಿ ಕಾಣಬೇಕೆಂಬ ಆಸೆಯಿದ್ದರೆ ಜನವರಿ-ಫೆಬ್ರವರಿಯಲ್ಲಿ ಹೋಗುವುದು ಒಳ್ಳೆಯದು. ಏಪ್ರಿಲ್‌ನಲ್ಲಿ ಹೋದರೆ ತೇಪೆ ಹಾಕಿದಂಥ ಹಿಮ, ಕರಗಿದ ನೀರಿನಿಂದ ರಾಡಿಯಾದ ಕಾಲುದಾರಿ, ಆ ರಾಡಿಯೇ ಬೆಳಗಿನ ಜಾವ ಗಾಜಿನಂತೆ ಹೆಪ್ಪುಗಟ್ಟಿರುವುದು, ಇವೆಲ್ಲವೂ ಸಿಗುತ್ತವೆ. ಜೊತೆಗೆ ಕೆಂಪಗೆ ಅರಳಿದ ಬುರಾಂಶ್ ಹೂವೂ ಸಿಗುತ್ತದೆ. ನೀಲಗಿರಿಯ ಶೋಲಾ ಕಾಡುಗಳ ಅಂಚಿನಲ್ಲಿ ಕಾಣುವ ರೋಡೋಡೆಂಡ್ರಾನ್ ಇದರದೇ ಬಳಗದ್ದು.

ಪ್ರಶ್ನೆ: ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ತಂಡದ ಮಾರ್ಗದರ್ಶಿ ಶಿಖರದ ದಿನ ನಮ್ಮನ್ನು ಬೆಳಗಿನ ಜಾವ ಎರಡು ಗಂಟೆಗೇ ಎಬ್ಬಿಸಿದರು. ಸೂರ್ಯೋದಯ ನೋಡಲೆಂದು ಹೀಗೆ ಮಾಡುತ್ತಾರೆಂದುಕೊಂಡಿದ್ದೆವು, ಆದರೆ ಆ ದಿನ ಮೋಡ ಕವಿದಿತ್ತು. ಅಷ್ಟಾಗಿಯೂ ಎಬ್ಬಿಸಿದರು, ಒಂದು ಗಂಟೆ ನಡೆಸಿ, ಆಮೇಲೆ ವಾಪಸ್ ಕರೆತಂದರು. ಇದು ಅತಿಯಾದ ಭಯವಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಮಾರ್ಗದರ್ಶಿಗೆ ಒಂದು ಪತ್ರ ಬರೆದು ಧನ್ಯವಾದ ಹೇಳಿ ಎಂದು ಸೂಚಿಸುತ್ತೇನೆ. ಈ ಕಂತಿಗೆ ಬಂದ ಪತ್ರಗಳಲ್ಲೆಲ್ಲ ಮುಖ್ಯವಾದ ಪ್ರಶ್ನೆ ನಿಮ್ಮದಾದ್ದರಿಂದ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಚಳಿಗಾಲದ ಹಿಮ ಒಣ ಹಿಟ್ಟಿನಂತಿರುತ್ತದೆ. ವಸಂತದಲ್ಲಿ ಹಗಲು ಅದರ ಮೇಲ್ಪದರ ಕರಗಿ ನೀರು ಕೆಳಕ್ಕೆ ಇಳಿಯುತ್ತದೆ, ರಾತ್ರಿ ಆ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನವೂ ಕರಗಿ ದಿನವೂ ಹೆಪ್ಪುಗಟ್ಟುತ್ತ ಹೋದಾಗ ನವಿರಾದ ಹರಳುಗಳು ದುಂಡಗಾಗಿ, ಕಲ್ಲುಸಕ್ಕರೆಯ ಪುಡಿಯಂತೆ ಕಾಳುಕಾಳಾಗುತ್ತವೆ. ಬೆಳಗಿನ ಜಾವದಲ್ಲಿ ಈ ಕಾಳುಗಳು ಒಂದಕ್ಕೊಂದು ಬೆಸೆದುಕೊಂಡು ಸಿಮೆಂಟು ನೆಲದಂತೆ ಗಟ್ಟಿಯಾಗಿರುತ್ತವೆ, ನಿಮ್ಮ ಹೆಜ್ಜೆಯ ಗುರುತೂ ಅದರ ಮೇಲೆ ಸರಿಯಾಗಿ ಮೂಡುವುದಿಲ್ಲ. ಸೂರ್ಯ ಮೇಲೇರಿದ ಮೇಲೆ ಬೆರಳುದ್ದದ ಮೇಲ್ಪದರ ಮಾತ್ರ ಸಡಿಲವಾಗುವ ಒಂದೆರಡು ಗಂಟೆಗಳಿರುತ್ತವೆ. ಬೂಟಿನ ಹಿಮ್ಮಡಿ ಊರಿ ಇಳಿಯಲು ಅದಕ್ಕಿಂತ ಸುಖವಾದ ಹೊತ್ತು ಬೇರೆ ಇಲ್ಲ. ಹತ್ತು-ಹನ್ನೊಂದು ಗಂಟೆ ದಾಟಿತೆಂದರೆ ಕಾಳುಗಳ ನಡುವಿನ ಬೆಸುಗೆ ಬಿಡುತ್ತದೆ. ಮೊದಲು ಹಿಮ್ಮಡಿ ಹೂತುಹೋಗುತ್ತದೆ, ಬಳಿಕ ಮೊಣಕಾಲು, ಮತ್ತೆ ಕೆಲವೆಡೆ ತೊಡೆಯವರೆಗೆ. ಏರುವಾಗ ಎರಡು ಗಂಟೆ ತೆಗೆದುಕೊಂಡ ದಾರಿ ಇಳಿಯುವಾಗ ನಾಲ್ಕು ಗಂಟೆ ತೆಗೆದುಕೊಳ್ಳುವುದುಂಟು. ಬಂಡೆಗಳ ಸುತ್ತಲಿನ ಹಿಮವಂತೂ ಬಂಡೆಯ ಕಾವಿಗೆ ಒಳಗಿನಿಂದಲೇ ಕರಗಿ ಟೊಳ್ಳಾಗಿರುತ್ತದೆ. ಆಧಾರಕ್ಕೆಂದು ಬಂಡೆಯ ಪಕ್ಕದಲ್ಲೇ ಕಾಲಿಟ್ಟು ಮೊಣಕಾಲು ತಿರುಚಿಕೊಳ್ಳುವವರು ಬಹುತೇಕ ನಮ್ಮಂಥ ದಕ್ಷಿಣದವರು.

ಇದು ಆಯಾಸದ ಮಾತಾಯಿತು. ಅಪಾಯದ ಮಾತು ಬೇರೆ. ಕರಗಿದ ನೀರು ಹಿಮದ ಪದರಗಳ ನಡುವೆ ಇಳಿದು, ಕೆಳಗಿನ ಗಟ್ಟಿ ಪದರದ ಮೇಲೋ ಹುಲ್ಲಿನ ಮೇಲೋ ಹರಿಯತೊಡಗಿದಾಗ ಇಡೀ ಇಳಿಜಾರಿನ ಹಿಡಿತ ತಪ್ಪುತ್ತದೆ. ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ. ಅದಕ್ಕಿಂತ ಕಡಿದಾದಲ್ಲಿ ಹಿಮ ರಾಶಿಯಾಗಿ ನಿಲ್ಲುವುದೇ ಕಡಿಮೆ, ಅದಕ್ಕಿಂತ ಸಪಾಟಾದಲ್ಲಿ ಜಾರುವುದು ಕಡಿಮೆ. ಆದರೆ ನೀವು ನಿಂತಿರುವ ಜಾಗ ಸಪಾಟಾಗಿದ್ದರೂ ನಿಮ್ಮ ತಲೆಯ ಮೇಲಿನ ಇಳಿಜಾರು ಕಡಿದಾಗಿರಬಹುದು ಎಂಬುದನ್ನು ಮರೆಯಬಾರದು. ಹಿಮದ ಸಣ್ಣ ಉಂಡೆಗಳು ತಾವಾಗಿಯೇ ಮೇಲಿನಿಂದ ಉರುಳಿ ಬರತೊಡಗಿದರೆ, ಹೆಜ್ಜೆಯಿಟ್ಟಲ್ಲೆಲ್ಲ ಪಾದ ಮುಳುಗತೊಡಗಿದರೆ, ಆ ಇಳಿಜಾರಿನ ಹೊತ್ತು ಮುಗಿಯಿತೆಂದೇ ಅರ್ಥ. ಬಿಸಿಲು ಮೊದಲು ಬೀಳುವುದು ಪೂರ್ವಕ್ಕೆ ಮುಖ ಮಾಡಿದ ಇಳಿಜಾರುಗಳ ಮೇಲೆ, ಆಮೇಲೆ ದಕ್ಷಿಣದ ಮೇಲೆ, ಕೊನೆಗೆ ಪಶ್ಚಿಮದ ಮೇಲೆ. ಜಾಣ ಮಾರ್ಗದರ್ಶಿ ತನ್ನ ದಿನದ ದಾರಿಯನ್ನು ಈ ಬಿಸಿಲಿನ ಮುಂದೆ ಮುಂದೆ ಸಾಗುವಂತೆ ಹೆಣೆಯುತ್ತಾನೆ.

ಇನ್ನು ಮೋಡದ ವಿಚಾರ. ಮೋಡವಿಲ್ಲದ ರಾತ್ರಿಯಲ್ಲಿ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ, ಗಾಳಿಯ ಉಷ್ಣಾಂಶ ಸೊನ್ನೆಗಿಂತ ತುಸು ಮೇಲಿದ್ದರೂ ಹಿಮದ ಮೇಲ್ಮೈ ಹೆಪ್ಪುಗಟ್ಟಬಲ್ಲದು. ಮೋಡ ಕವಿದ ರಾತ್ರಿ ಹಾಗಲ್ಲ. ಮೋಡ ಕಂಬಳಿಯಂತೆ ಹೊದ್ದುಕೊಂಡು ಆ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ, ಹಿಂದಿನ ದಿನ ನೆನೆದ ಹಿಮ ಬೆಳಗಾದರೂ ಹಾಗೆಯೇ ನೆನೆದಿರುತ್ತದೆ. ನಿಮ್ಮ ಮಾರ್ಗದರ್ಶಿ ಎರಡು ಗಂಟೆಗೆ ಎಬ್ಬಿಸಿದ್ದು ಹಿಮ ಗಟ್ಟಿಯಾಗಿರಬಹುದೆಂಬ ನಿರೀಕ್ಷೆಯಿಂದ. ಒಂದು ಗಂಟೆ ನಡೆಸಿದ್ದು ಅದನ್ನು ಕಾಲಿನಿಂದಲೇ ಪರೀಕ್ಷಿಸಲು. ಗಟ್ಟಿಯಾಗಿಲ್ಲವೆಂದು ತಿಳಿದ ಮೇಲೆ ಹಿಂತಿರುಗಿಸಿದರು. ಹಳ್ಳಿಯ ಹಳೆಯ ಮಾರ್ಗದರ್ಶಿಗಳು ರಾತ್ರಿಯ ಊಟ ಮುಗಿಸಿ ಡೇರೆಯಿಂದ ಹೊರಬಂದವರೇ ಮೊದಲು ಕತ್ತೆತ್ತಿ ನಕ್ಷತ್ರ ಕಾಣುತ್ತವೆಯೇ ಎಂದು ನೋಡುತ್ತಾರೆ. ವಸಂತದಲ್ಲಿ ನಾಳೆಯ ಹಾದಿಯ ಸ್ಥಿತಿಯನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿಯನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ: ರೂಪಿನ್ ಪಾಸ್ ಮತ್ತು ಬುರಾನ್ ಘಾಟಿ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದೆ. ಮೇ ಕೊನೆಯ ವಾರ ಒಳ್ಳೆಯದೋ ಜೂನ್ ಮಧ್ಯಭಾಗವೋ? ಹಿಮದ ಸೇತುವೆಗಳು ಅಪಾಯಕಾರಿಯೆಂದು ಕೇಳಿದ್ದೇನೆ.
– ಓದುಗರು, ಶಿವಮೊಗ್ಗ

ಉತ್ತರ: ಪಾಸ್ ಎಂದರೂ ಘಾಟಿ ಎಂದರೂ ಬೆಟ್ಟಸಾಲನ್ನು ದಾಟಿಸುವ ಎತ್ತರದ ಕಣಿವೆದಾರಿ. ಈ ಎರಡೂ ದಾರಿಗಳು ಹಿಮಾಚಲದ ಕಿನ್ನೌರಿಗೆ ಇಳಿಯುವಂಥವು. ರೂಪಿನ್ ಪಾಸ್ ಸುಮಾರು 4650 ಮೀಟರ್ ಎತ್ತರದ್ದು, ಉತ್ತರಾಖಂಡದ ಧೌಲಾದಿಂದ ಹೊರಟು ಸಾಂಗ್ಲಾಕ್ಕೆ ಮುಗಿಯುತ್ತದೆ. ಬುರಾನ್ ಘಾಟಿ ಅದಕ್ಕಿಂತ ತುಸು ಕಡಿಮೆ ಎತ್ತರದ್ದು, ಪಬ್ಬರ್ ಕಣಿವೆಯ ಜಾಂಗ್ಲಿಕ್‌ನಿಂದ ಹೊರಟು ಬರುವಾ ಗ್ರಾಮಕ್ಕೆ ಇಳಿಯುತ್ತದೆ.

ರೂಪಿನ್‌ನ ಕೊನೆಯ ಏರು ಎರಡು ಬಂಡೆಗೋಡೆಗಳ ನಡುವಿನ ಕಡಿದಾದ ಓಣಿ. ಮೇ ತಿಂಗಳಲ್ಲಿ ಅದು ಹಿಮದಿಂದ ತುಂಬಿರುತ್ತದೆ, ಮಾರ್ಗದರ್ಶಿ ಮುಂದೆ ಹೋಗಿ ಬೂಟಿನಿಂದ ಒದ್ದು ಮೆಟ್ಟಿಲು ಮಾಡುತ್ತಾನೆ, ನೀವು ಅದೇ ಮೆಟ್ಟಿಲಿನಲ್ಲಿ ಕಾಲಿಟ್ಟು ಏರುತ್ತೀರಿ. ಹಿಮ ಕರಗಿದ ಮೇಲೆ ಅದೇ ಓಣಿ ಸಡಿಲ ಕಲ್ಲುಗಳ ರಾಶಿಯಾಗಿಬಿಡುತ್ತದೆ, ಮುಂದಿನವರ ಕಾಲಡಿಯಿಂದ ಜಾರಿದ ಕಲ್ಲು ಹಿಂದಿನವರ ತಲೆಯ ಮೇಲೆ ಬರುತ್ತದೆ. ಹಿಮವಿದ್ದರೆ ಕಷ್ಟವೆಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಬೆಳಗಿನ ಗಟ್ಟಿ ಹಿಮ ಆ ಓಣಿಗೆ ಹಾಸಿದ ಒಳ್ಳೆಯ ಮೆಟ್ಟಿಲು. ಬುರಾನ್ ಘಾಟಿಯಲ್ಲಿ ಕಷ್ಟವಿರುವುದು ಏರಿನಲ್ಲಲ್ಲ, ಬರುವಾ ಕಡೆಯ ಇಳಿತದಲ್ಲಿ. ಋತುವಿನ ಆರಂಭದಲ್ಲಿ ಅಲ್ಲಿ ಗೋಡೆಯಂತೆ ನಿಂತಿರುವ ಹಿಮದ ಮೇಲೆ ಹಗ್ಗ ಕಟ್ಟಿ ಒಬ್ಬೊಬ್ಬರನ್ನಾಗಿ ಇಳಿಸುತ್ತಾರೆ. ಇಪ್ಪತ್ತು ಮಂದಿಯ ತಂಡ ಒಂದೇ ಹಗ್ಗದಲ್ಲಿ ಇಳಿಯಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ, ಅಷ್ಟರಲ್ಲಿ ಸೂರ್ಯ ಎಲ್ಲಿರುತ್ತಾನೆಂದು ನೋಡಿದರೆ, ಸಣ್ಣ ತಂಡ ಏಕೆ ಒಳ್ಳೆಯದೆಂದು ಬೇರೆ ಹೇಳಬೇಕಾಗಿಲ್ಲ.

ಹಿಮದ ಸೇತುವೆಯ ಮಾತಿಗೆ ಬಂದರೆ, ಚಳಿಗಾಲದಲ್ಲಿ ಇಕ್ಕೆಲದ ಇಳಿಜಾರುಗಳಿಂದ ಕುಸಿದು ಬಂದ ಹಿಮ ಹೊಳೆಯ ಮೇಲೆ ಚಪ್ಪಡಿಯಂತೆ ಕೂತುಬಿಡುತ್ತದೆ, ಕೆಳಗಿನಿಂದ ನೀರು ಅದನ್ನು ಕೊರೆಯುತ್ತಲೇ ಇರುತ್ತದೆ. ರೂಪಿನ್ ಹೊಳೆಯ ಜಲಪಾತದ ಆಸುಪಾಸಿನಲ್ಲಿ ಇಂಥ ಸೇತುವೆಗಳನ್ನು ದಾಟಬೇಕಾಗುತ್ತದೆ. ಮೇ ಕೊನೆಯಲ್ಲಿ ಅವು ಸಾಮಾನ್ಯವಾಗಿ ದಪ್ಪವಾಗಿರುತ್ತವೆ. ಜೂನ್ ಮಧ್ಯಕ್ಕೆ ಕೆಲವು ಬಿದ್ದುಹೋಗಿರುತ್ತವೆ, ಬಿದ್ದಿಲ್ಲದವು ತೆಳ್ಳಗಾಗಿರುತ್ತವೆ, ಮತ್ತು ಮೇಲಿನಿಂದ ನೋಡುವವರಿಗೆ ಎರಡೂ ಕಾಲದಲ್ಲಿ ಒಂದೇ ಬಿಳಿ. ನಡುವೆ ಕುಳಿಬಿದ್ದಂತೆ ಕಾಣುವ, ಬೂದುಬಣ್ಣಕ್ಕೆ ತಿರುಗಿದ, ಬಿರುಕು ಬಿಟ್ಟ, ಅಡಿಯಲ್ಲಿ ನೀರಿನ ಸದ್ದು ಹತ್ತಿರದಲ್ಲೇ ಕೇಳಿಸುವ ಸೇತುವೆಯನ್ನು ದಾಟಬಾರದು. ಉಳಿದವನ್ನೂ ಬೆಳಗ್ಗೆ ಬೇಗ, ಕೋಲಿನಿಂದ ಚುಚ್ಚಿ ನೋಡುತ್ತ, ಒಬ್ಬರು ಪೂರ್ತಿ ದಾಟಿದ ಮೇಲೆ ಇನ್ನೊಬ್ಬರು ಎಂಬಂತೆ ದಾಟಬೇಕು. ಸೇತುವೆಯ ಮೇಲೆ ನಿಂತು ಗುಂಪಿನ ಫೋಟೋ ತೆಗೆಸಿಕೊಳ್ಳುವ ಚಪಲವನ್ನು ಕೈಮುಗಿದು ಬಿಟ್ಟುಬಿಡಿ.

ನನ್ನ ಆಯ್ಕೆಯೇ ಕೇಳಿದರೆ, ಹಿಮದಲ್ಲಿ ಮೊದಲ ಬಾರಿ ನಡೆಯುವವರಿಗೆ ಈ ಎರಡನ್ನೂ ನಾನು ಹೇಳುವುದಿಲ್ಲ. ಹಿಂದೆ ಒಂದೆರಡು ಹಿಮದ ಹಾದಿ ನಡೆದಿದ್ದರೆ ಜೂನ್ ಮೊದಲ ವಾರದ ರೂಪಿನ್ ಒಳ್ಳೆಯದು.

ಪ್ರಶ್ನೆ: ನಾನು ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ, ತಡಿಯಂಡಮೋಳ್‌ಗೆ ನಾಲ್ಕು ಬಾರಿ ಹೋಗಿದ್ದೇನೆ. ಹಿಮಾಲಯಕ್ಕೆ ಈ ಸಿದ್ಧತೆ ಸಾಲದೇ?
– ಓದುಗರು, ಮೈಸೂರು

ಉತ್ತರ: ಕಾಲಿಗೆ ಸಾಕು, ರಕ್ತಕ್ಕೆ ಸಾಲದು. ಕುಮಾರಪರ್ವತ ಸುಮಾರು 1700 ಮೀಟರ್, ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 1930 ಮೀಟರ್ ಆಸುಪಾಸಿನದು. ಅಂದರೆ ಕರ್ನಾಟಕದ ನೆತ್ತಿಯ ಎತ್ತರದಲ್ಲಿ ಸಾಂಕ್ರಿಯ ಚಹಾ ಅಂಗಡಿಗಳಿವೆ. 4600 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಇದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಬೇಕಾಗಿರುವುದು ದಿನಗಳೇ ಹೊರತು ಬಲವಲ್ಲ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬುದು ವೈದ್ಯರು ಒಪ್ಪಿರುವ ನಿಯಮ. ಗಟ್ಟಿಮುಟ್ಟಾದವರು ಬೇಗ ಬೇಗ ಏರುವುದರಿಂದ ಅವರೇ ಹೆಚ್ಚಾಗಿ ತಲೆನೋವು, ವಾಂತಿ ಎಂದು ಮಲಗುತ್ತಾರೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ವಿಚಾರವನ್ನು ಹೊರಡುವ ಮೊದಲೇ ನಿಮ್ಮ ವೈದ್ಯರಲ್ಲಿ ಮಾತಾಡಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಅದನ್ನು ಮರೆಯದೆ ಹೇಳಿ.

ಪ್ರಶ್ನೆ: ಸಹಸ್ರತಾಲ್ ದುರಂತದ ಬಳಿಕ ನನಗೆ ಧೈರ್ಯವೇ ಹೋಗಿದೆ. ಮಗಳು ಜೂನ್ ಮೊದಲ ವಾರ ಗೆಳತಿಯರೊಂದಿಗೆ ಹಿಮಾಲಯಕ್ಕೆ ಹೊರಟಿದ್ದಾಳೆ. ಹೋಗಬೇಡ ಎನ್ನಲು ಮನಸ್ಸಿಲ್ಲ. ಚಾರಣ ಏರ್ಪಡಿಸುವವರನ್ನು ಏನು ಕೇಳಬೇಕು?
– ಒಬ್ಬ ತಾಯಿ, ಉಡುಪಿ

ಉತ್ತರ: ಅಮ್ಮಾ, ನಿಮ್ಮ ಆತಂಕಕ್ಕೆ ಕಾರಣವಿದೆ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ 4000 ಮೀಟರ್‌ಗಿಂತ ಮೇಲೆ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಚಾರಣಿಗರು ತೀರಿಕೊಂಡರು. ಉಳಿದವರನ್ನು ರಕ್ಷಣಾ ಪಡೆಗಳು ಹೆಲಿಕಾಪ್ಟರ್‌ಗಳ ನೆರವಿನಿಂದ ಕರೆತಂದವು. ಯಾರ ತಪ್ಪೆಂದು ಇಲ್ಲಿ ಕುಳಿತು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಜೂನ್ ಎಂದ ಕೂಡಲೇ ನಮ್ಮ ಮನಸ್ಸಿಗೆ ಮಳೆಯ ಚಿತ್ರ ಬರುತ್ತದೆ, ಆ ಎತ್ತರದಲ್ಲಿ ಮಧ್ಯಾಹ್ನದ ಗುಡುಗುಮೋಡ ಮಳೆಯನ್ನಲ್ಲ, ಹಿಮವನ್ನೂ ಕಣ್ಣು ಬಿಡಲಾಗದ ಗಾಳಿಯನ್ನೂ ತರುತ್ತದೆ ಎಂಬುದು ನಮಗೆ ತಟ್ಟನೆ ಹೊಳೆಯುವುದಿಲ್ಲ. ಒದ್ದೆ ಬಟ್ಟೆ, ಗಾಳಿ, ದಣಿವು ಮೂರೂ ಕೂಡಿದರೆ ಸೊನ್ನೆಗಿಂತ ಮೇಲಿನ ಉಷ್ಣಾಂಶದಲ್ಲಿಯೂ ದೇಹ ತನ್ನ ಕಾವು ಉಳಿಸಿಕೊಳ್ಳಲಾರದೆ ಹೋಗುತ್ತದೆ.

ಏರ್ಪಡಿಸುವವರನ್ನು ಹೀಗೆ ಕೇಳಿ. ಪಾಸ್ ಅಥವಾ ಶಿಖರದ ದಿನ ಎಷ್ಟು ಗಂಟೆಗೆ ಹೊರಡುತ್ತೀರಿ, ಎಷ್ಟು ಗಂಟೆಯಾದರೆ ಎಲ್ಲಿದ್ದರೂ ಹಿಂತಿರುಗುತ್ತೀರಿ? ಈ ಎರಡನೆಯ ಗಂಟೆಯನ್ನು ಮೊದಲೇ ನಿಗದಿ ಮಾಡಿಕೊಳ್ಳದವರೊಂದಿಗೆ ಮಗಳನ್ನು ಕಳಿಸಬೇಡಿ. ಹವಾಮಾನ ಕೆಟ್ಟರೆ ಕಾಯಲು ವೇಳಾಪಟ್ಟಿಯಲ್ಲಿ ಒಂದು ಹೆಚ್ಚುವರಿ ದಿನವಿದೆಯೇ? ದೆಹಲಿಯಿಂದ ಮರುದಿನವೇ ವಿಮಾನ ಕಾಯ್ದಿರಿಸಿಕೊಂಡ ತಂಡ ಕೆಟ್ಟ ಹವಾಮಾನದಲ್ಲಿಯೂ ಮುಂದಕ್ಕೇ ನೂಕುತ್ತದೆ, ಆದ್ದರಿಂದ ಟಿಕೆಟ್ ಮಾಡಿಸುವಾಗ ನೀವೂ ಒಂದು ದಿನ ಬಿಟ್ಟು ಮಾಡಿಸಿ. ಹಿಂದೆ ಉಳಿದವರೊಂದಿಗೆ ಬರಲು ಪ್ರತ್ಯೇಕ ಮಾರ್ಗದರ್ಶಿ ಇರುತ್ತಾನೆಯೇ? ಆಮ್ಲಜನಕದ ಸಿಲಿಂಡರ್ ಬೇಸ್ ಕ್ಯಾಂಪಿನಲ್ಲಿರುತ್ತದೆಯೋ ತಂಡದ ಜೊತೆಗೇ ಬರುತ್ತದೆಯೋ? ಮೊಬೈಲ್ ಸಿಗದ ಕಡೆ ಸುದ್ದಿ ಕಳಿಸುವ ವ್ಯವಸ್ಥೆ ಏನು? ಹವಾಮಾನ ಇಲಾಖೆಯ ಮುನ್ಸೂಚನೆಯ ಜೊತೆಗೆ, ಚಂಡೀಗಢದಲ್ಲಿರುವ, ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ, ಅದನ್ನು ನೋಡುವ ಅಭ್ಯಾಸ ಅವರಿಗಿದೆಯೇ ಎಂದೂ ವಿಚಾರಿಸಿ. ಈ ಪ್ರಶ್ನೆಗಳಿಗೆ ಸಿಡುಕುವವರಿದ್ದಾರೆ. ಸಿಡುಕಿದರೆ ನಿಮಗೆ ಉತ್ತರ ಸಿಕ್ಕಂತೆಯೇ.

ಪ್ರಶ್ನೆ: ನೇಪಾಳದ ಅನ್ನಪೂರ್ಣ ಬೇಸ್ ಕ್ಯಾಂಪಿಗೆ ಮಾರ್ಚ್ ಕೊನೆಯಲ್ಲಿ ಹೋಗಬಹುದೇ? ಅದು ಸುಲಭದ ಹಾದಿಯಂತೆ.
– ಓದುಗರು, ಹುಬ್ಬಳ್ಳಿ

ಉತ್ತರ: ಹೋಗಬಹುದು. ಬೇಸ್ ಕ್ಯಾಂಪ್ 4130 ಮೀಟರ್, ದಾರಿಯುದ್ದಕ್ಕೂ ವಸತಿಗೃಹಗಳಿವೆ. ಆದರೆ ದೇವರಾಲಿಯಿಂದ ಮಚ್ಛಪುಚ್ಛ್ರೆ ಬೇಸ್ ಕ್ಯಾಂಪ್‌ವರೆಗಿನ ಕಿರಿದಾದ ಕಣಿವೆಯಲ್ಲಿ, ನಿಮಗೆ ಕಾಣದಷ್ಟು ಎತ್ತರದಿಂದ ಹಿಮಕುಸಿತ ಇಳಿದು ದಾರಿಗೆ ಅಡ್ಡ ಬರುವುದುಂಟು. ಹಾದಿ ಸುಲಭವೆಂಬ ಕಾರಣಕ್ಕೆ ಆ ಭಾಗವೂ ಸುಲಭವೆಂದುಕೊಳ್ಳಬೇಡಿ. ಹಿಂದಿನ ರಾತ್ರಿ ದೇವರಾಲಿಯಲ್ಲಿ ತಂಗಿ, ಬೆಳಕು ಹರಿಯುವ ಮೊದಲೇ ಹೊರಟು, ಎಲ್ಲೂ ಕುಳಿತುಕೊಳ್ಳದೆ ಆ ಭಾಗ ದಾಟಿಬಿಡಿ. ಅಪಾಯ ಹೆಚ್ಚಿದ್ದಾಗ ಬಳಸಲು ಹೊಳೆಯ ಆಚೆ ದಡದಲ್ಲಿ ಇನ್ನೊಂದು ದಾರಿಯಿದೆ. ವಸತಿಗೃಹದವರು ಅದರಲ್ಲಿ ಹೋಗಿ ಎಂದರೆ ಮರುಮಾತಾಡದೆ ಹೋಗಿ. ಹೊಸ ಹಿಮ ಬಿದ್ದ ದಿನ, ಮರುದಿನ ಹೊರಡದೆ ಕೂರುವುದೇ ಸರಿ.

ಪ್ರಶ್ನೆ: ಪಶ್ಚಿಮ ಘಟ್ಟದ ಮಳೆಗಾಲದ ಚಾರಣಕ್ಕೆ ಬಳಸುವ ಸಾಮಾನುಗಳೇ ವಸಂತದ ಹಿಮಕ್ಕೆ ಸಾಕೇ, ಹೊಸದಾಗಿ ಕೊಳ್ಳಬೇಕೇ?
– ಓದುಗರು, ಮಂಗಳೂರು

ಉತ್ತರ: ಕೆಲವು ಸಾಕು. ಜಿಗಣೆ ಸಾಕ್ಸ್ ಧರಿಸಿ ಅಭ್ಯಾಸವಿರುವ ನಿಮಗೆ ಗೇಟರ್ ಏನೆಂದು ವಿವರಿಸಬೇಕಾಗಿಲ್ಲ. ಅದೂ ಹಾಗೆಯೇ ಬೂಟಿನ ಬಾಯಿ ಮುಚ್ಚುತ್ತದೆ, ಜಿಗಣೆಯ ಬದಲು ಹಿಮವನ್ನು ತಡೆಯುತ್ತದೆ. ಮಧ್ಯಾಹ್ನದ ಮೆತ್ತನೆಯ ಹಿಮದಲ್ಲಿ ಅದಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕಾಲುಚೀಲ ಒದ್ದೆ. ಬೆಳಗಿನ ಗಾಜಿನಂಥ ಹಾದಿಗೆ ಬೂಟಿನ ಮೇಲೆ ಎಳೆದು ಹಾಕಿಕೊಳ್ಳುವ, ಸಣ್ಣ ಮೊಳೆಗಳ ಮೈಕ್ರೋಸ್ಪೈಕ್ ಬೇಕು, ಅದು ಸಾಮಾನ್ಯವಾಗಿ ಬಾಡಿಗೆಗೂ ಸಿಗುತ್ತದೆ. ಉದ್ದ ಮೊಳೆಗಳ ಕ್ರ್ಯಾಂಪಾನ್ ಮತ್ತು ಹಿಮ ಕಡಿಯುವ ಕೊಡಲಿಯಾದ ಐಸ್ ಆಕ್ಸ್ ಬೇರೆಯದೇ ಕಲಿಕೆ. ಜಾರಿದಾಗ ಐಸ್ ಆಕ್ಸ್ ಊರಿ ನಿಲ್ಲುವುದನ್ನು ಯಾರಾದರೂ ಹೇಳಿಕೊಟ್ಟು ಹತ್ತಿಪ್ಪತ್ತು ಬಾರಿ ಮಾಡಿಸದಿದ್ದರೆ, ಅದು ನಿಮ್ಮನ್ನೇ ಇರಿಯುವ ಆಯುಧ. ನಿಜವಾಗಿ ಪರ್ವತಾರೋಹಣ ಕಲಿಯುವ ಮನಸ್ಸಿದ್ದರೆ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನೇರಿಂಗ್ ಇನ್‌ಸ್ಟಿಟ್ಯೂಟ್ ಮುಂತಾದೆಡೆ ಸುಮಾರು ನಾಲ್ಕು ವಾರಗಳ ಮೂಲ ತರಬೇತಿಯಿದೆ.

ಹತ್ತಿ ಬಟ್ಟೆಯನ್ನು ಮನೆಯಲ್ಲೇ ಬಿಡಿ. ಘಟ್ಟದ ಮಳೆಯಲ್ಲಿ ಒದ್ದೆ ಬನಿಯನ್ ಬರಿಯ ಕಿರಿಕಿರಿ, ಅಲ್ಲಿ ಅದು ಕಾಯಿಲೆ. ಇನ್ನು ನಮ್ಮವರು ಕಡೆಗಣಿಸುವ ವಸ್ತುವೆಂದರೆ ತಂಪು ಕನ್ನಡಕ. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇ 80ರವರೆಗೆ ಹಿಂದಕ್ಕೆ ಚೆಲ್ಲುತ್ತದೆ, ಎತ್ತರ ಸಾವಿರ ಮೀಟರ್ ಹೆಚ್ಚಿದಂತೆಲ್ಲ ಆ ಕಿರಣಗಳ ತೀವ್ರತೆ ಸುಮಾರು ಶೇ 10ರಷ್ಟು ಏರುತ್ತದೆ. ಮೋಡವಿದ್ದರೂ ಕನ್ನಡಕ ತೆಗೆಯಬಾರದು, ಏಕೆಂದರೆ ಕಣ್ಣಿನ ಉರಿ ಗೊತ್ತಾಗುವುದು ಕೆಲವು ಗಂಟೆಗಳ ಬಳಿಕ, ರಾತ್ರಿ ಡೇರೆಯಲ್ಲಿ ಮಲಗಿದ ಮೇಲೆ. ಪಕ್ಕದಿಂದಲೂ ಬೆಳಕು ತಡೆಯುವ, ನೇರಳಾತೀತ ಕಿರಣಗಳನ್ನು ಪೂರ್ತಿ ನಿಲ್ಲಿಸುವ ಕನ್ನಡಕವನ್ನೇ ಕೊಳ್ಳಿ, ಸಾಧ್ಯವಾದರೆ ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳಿ. ನಿಮ್ಮ ಅಡುಗೆ ಪಾತ್ರೆಗಳನ್ನು ಹೊತ್ತು ಅದೇ ಹಿಮದ ಮೇಲೆ ನಡೆಯುವ ಹುಡುಗನ ಬಳಿ ಕನ್ನಡಕ ಇಲ್ಲದಿದ್ದರೆ ಅದನ್ನು ಅವನಿಗೆ ಕೊಡಬಹುದು.